ಕೆನೆಬಣ್ಣದ ಬೆನ್ನು ಹತ್ತಿ

ಮನುಷ್ಯನಿಗೆ ರುಚಿ ಎಂಬುದು ನಾಲಗೆಯಲ್ಲಿದ್ದರೆ ಸಾಕು. ಅದು ಕಣ್ಣಿಗೆ ಏರಿತೆಂದರೆ ಮನೆಯವರಿಗೆ ಕಷ್ಟ. ಸಾರಿಗೆ ಉಪ್ಪು ಕಡಿಮೆಯಾದರೆ ಒಂದು ಚಿಟಿಕೆ ಹಾಕಿಕೊಂಡು ಊಟ ಮುಗಿಸಬಹುದು. ಗೋಡೆಯ ಬಣ್ಣ ಸರಿಯಿಲ್ಲ ಎಂದು ಒಮ್ಮೆ ತಲೆಗೆ ಹೊಕ್ಕರೆ ಮಾತ್ರ ಅದು ಹೊರಗೆ ಹೋಗುವುದಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟರೆ ಎದುರಿಗೆ ಅದೇ ಗೋಡೆ. ಮದುವೆಯಾಗಿ ಮೂರು ವರ್ಷದವರೆಗೆ ನನಗೆ ಈ ಕಾಯಿಲೆ ಇರಲಿಲ್ಲ. ಗೋಡೆ ಎಂದರೆ ಮಾಡು ಬೀಳದಂತೆ ಹಿಡಿದುಕೊಳ್ಳುವ, ಕ್ಯಾಲೆಂಡರಿನ ಮೊಳೆಗೆ ಜಾಗ ಕೊಡುವ ಒಂದು ವಸ್ತು ಎಂದು ತಿಳಿದು ಸುಖವಾಗಿದ್ದೆ. ಕಾಯಿಲೆ ಅಂಟಿಸಿದವರು ನಮ್ಮ ಡ್ರಾಯಿಂಗ್ ಮಾಸ್ಟ್ರು ಸದಾಶಿವ ರಾಯರು.

ಆಗ ನಾನು ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟ್ರು. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಆದರೂ ಹಳಬರು ಇನ್ನೂ ಮದ್ರಾಸಿನ ಲೆಕ್ಕದಲ್ಲೇ ಮಾತಾಡುತ್ತಿದ್ದರು. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮೇಲೆ, ಗುಡ್ಡದ ಬದಿಯಲ್ಲಿ ನಮ್ಮ ಬಾಡಿಗೆ ಮನೆ. ಮನೆಯ ಧನಿಗಳು ಸುಳ್ಯದಲ್ಲಿದ್ದರು. ಅವರಿಗೆ ಸುಣ್ಣಕ್ಕೆ ನೀಲಿ ಬೆರೆಸುವುದೆಂದರೆ ಪ್ರಾಣ. ಬಟ್ಟೆಗೆ ಹಾಕುವ ನೀಲಿಯನ್ನೇ ಗೋಡೆಗೂ ಧಾರಾಳವಾಗಿ ಹಾಕಿಸಿದ್ದರು. ನಮ್ಮ ಚಾವಡಿಯ, ಅಂದರೆ ಮುಂದಿನ ಪಡಸಾಲೆಯ, ಗೋಡೆಗೆ ಒರಗಿ ಕೂತ ಎಂಥ ಗಟ್ಟಿಮುಟ್ಟಾದ ಮನುಷ್ಯನೂ ಆಗಷ್ಟೇ ಜ್ವರ ಬಿಟ್ಟು ಎದ್ದು ಬಂದವನಂತೆ ಕಾಣುತ್ತಿದ್ದ. ನಾನಿದನ್ನು ಗಮನಿಸಿಯೇ ಇರಲಿಲ್ಲ. ಒಂದು ಭಾನುವಾರ ಕಾಫಿಗೆ ಬಂದ ರಾಯರು ಲೋಟ ಕೆಳಗಿಟ್ಟು ಗೋಡೆಯನ್ನೇ ನೋಡುತ್ತ ನಿಟ್ಟುಸಿರು ಬಿಟ್ಟರು.

"ಮಾರಾಯ್ರೆ, ಇದು ತಣ್ಣಗಿನ ಬಣ್ಣ. ಇದರೊಳಗೆ ಹೇಗೆ ಸಂಸಾರ ಮಾಡ್ತೀರಿ?"

"ಬಣ್ಣದಲ್ಲಿ ತಂಪು, ಬಿಸಿ ಅಂತ ಉಂಟಾ?" ಎಂದೆ.

"ಉಂಟಾ ಅಂದ್ರೆ? ಕೆನೆ ನೋಡಿ, ಗೋಧಿ ನೋಡಿ, ಒಣ ಬೈಹುಲ್ಲು, ಹಾಲು ಹೆಚ್ಚು ಹಾಕಿದ ಕಾಫಿ – ಇವೆಲ್ಲ ಬೆಚ್ಚಗಿನ ಬಣ್ಣ. ಆದರೆ ಗಲಾಟೆ ಮಾಡುದಿಲ್ಲ. ಮನೆಗೆ ಬಂದವನಿಗೆ 'ಬನ್ನಿ, ಕೂತ್ಕೊಳ್ಳಿ' ಅಂತ ಹೇಳ್ತವೆ."

"ಮತ್ತೆ ನೀಲಿ?"

"ನೀಲಿ 'ಎಂತ ಬಂದದ್ದು?' ಅಂತ ಕೇಳ್ತದೆ."

ಇದನ್ನು ಹೇಳಿದ ರಾಯರ ಸ್ವಂತ ಮನೆಯ ಗೋಡೆ ಸುಣ್ಣದ ಮುಖ ಕಂಡು ಯಾವ ಕಾಲವಾಗಿತ್ತೋ ದೇವರಿಗೇ ಗೊತ್ತು. ಆದರೆ ಉಪದೇಶ ಕೇಳುವಾಗ ಉಪದೇಶ ಮಾಡುವವರ ಮನೆಯ ನೆನಪು ಯಾರಿಗಾದರೂ ಬರುತ್ತದೆಯೆ? ಅಂದಿನಿಂದ ನನಗೆ ನಮ್ಮ ಚಾವಡಿಗೆ ಕಾಲಿಡುವಾಗಲೆಲ್ಲ 'ಎಂತ ಬಂದದ್ದು?' ಎಂದು ಯಾರೋ ಕೇಳಿದಂತಾಗತೊಡಗಿತು. ಸಂಬಳ ತಂದು ಹಾಕುವವನಿಗೆ ಅವನ ಮನೆಯ ಗೋಡೆಯೇ ಹೀಗೆ ಕೇಳಿದರೆ ಹೇಗಾಗಬೇಡ! ನನ್ನ ಹೆಂಡತಿ ಶಾರದೆಯ ಹತ್ತಿರ ಹೇಳಿದೆ. ಚಾವಡಿಗೆ ಕೆನೆಬಣ್ಣ ಹೊಡೆಸೋಣ, ಕಿಟಕಿಗೆ ಬೈಹುಲ್ಲಿನ ಬಣ್ಣದ ಪರದೆ ಹಾಕೋಣ, ಮನೆ ಬೆಚ್ಚಗಾಗುತ್ತದೆ ಎಂದೆ. ಅದು ಏಪ್ರಿಲ್ ತಿಂಗಳ ಮಧ್ಯಾಹ್ನ. ಶಾರದೆ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದಳು. "ನಿಮಗೆ ಬೆಚ್ಚಗೆ ಆಗಬೇಕಾದರೆ ಒಳಗೆ ಬಂದು ಒಲೆಯ ಹತ್ತಿರ ಕೂತ್ಕೊಳ್ಳಿ. ದೋಸೆ ಮಗುಚಿದ ಹಾಗೂ ಆಯ್ತು" ಎಂದಳು. ಕೆನೆಬಣ್ಣ ಎಂದರೆ ಅವಳ ಪ್ರಕಾರ ಹಳೇ ಪಂಚೆಯ ಬಣ್ಣ. ಅದಕ್ಕೆ ಬೇರೆ ಖರ್ಚು ಎಂತಕ್ಕೆ, ಗೋಡೆಯನ್ನು ಹಾಗೆಯೇ ಬಿಟ್ಟರೆ ತಾನಾಗಿ ಬರುತ್ತದೆ ಎಂಬುದು ಅವಳ ವಾದ.

ಅಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ಆದರೆ ಆ ಹೊತ್ತಿಗೆ ಅವಳ ತಂಗಿ ಸುಶೀಲೆಯನ್ನು ನೋಡಲು ಕಡಬದಿಂದ ಗಂಡಿನ ಕಡೆಯವರು ಬರುವುದೆಂದು ನಿಶ್ಚಯವಾಯಿತು. ಕಾಣಿಯೂರಿನಲ್ಲಿ ಮಾವನವರು ಮನೆಯ ಮುಳಿಹುಲ್ಲು ತೆಗೆಸಿ ಹಂಚು ಹೊದಿಸುತ್ತಿದ್ದರು. ಅಲ್ಲಿ ಮಾಡೇ ಇರಲಿಲ್ಲ. ಆಕಾಶದ ಕೆಳಗೆ ಹುಡುಗಿ ತೋರಿಸಲಿಕ್ಕಾಗುತ್ತದೆಯೆ? ಹಾಗಾಗಿ ನಮ್ಮ ಮನೆಯಲ್ಲೇ ಎಂದಾಯಿತು. ಹಂಚಿನ ಕೆಲಸ ಬಿಟ್ಟು ಮಾವನವರು ಬರುವಂತಿರಲಿಲ್ಲ, ಹೊಣೆಯೆಲ್ಲ ನಮ್ಮದೇ. ಸುಶೀಲೆಯನ್ನು ಆಗಲೇ ಎರಡು ಕಡೆಯವರು ನೋಡಿ, ಉಪ್ಪಿಟ್ಟು ತಿಂದು, 'ತಿಳಿಸ್ತೇವೆ' ಎಂದು ಹೋಗಿದ್ದರು. ತಿಳಿಸಿರಲಿಲ್ಲ. ಆಮೇಲೆ ಅವಳು ಮೊದಲಿನ ಹಾಗೆ ಅಕ್ಕನ ಮನೆಗೆ ಬಂದು ನಾಲ್ಕು ದಿನ ನಿಂತು ನಮ್ಮನ್ನೆಲ್ಲ ನಗಿಸುವುದನ್ನು ನಿಲ್ಲಿಸಿದ್ದಳು. ಶಾರದೆಗೆ ಆ ಚಿಂತೆ. ನನಗೂ ಇತ್ತು. 'ಬನ್ನಿ, ಕೂತ್ಕೊಳ್ಳಿ' ಎನ್ನುವ ಗೋಡೆ ಬೇಕಾದದ್ದೇ ಈಗ ಎಂದು ನಾನು ಮೇಲೆ ಬಿದ್ದು ವಾದಿಸಿದೆ. "ಹೇಗೂ ಸುಣ್ಣ ಹೊಡೆಸ್ಲೇಬೇಕು. ಎಂತ ಬೇಕಾದರೂ ಮಾಡಿ, ಮನೆ ಕ್ಲೀನಾಗಿದ್ದರೆ ಸಾಕು" ಎಂದು ಹೇಳಿ ಶಾರದೆ ತಂಗಿಯನ್ನು ಕರೆತರಲು ಕಾಣಿಯೂರಿಗೆ ಬಸ್ಸು ಹತ್ತಿದಳು.

ಸುಣ್ಣ ಹೊಡೆಯುವ ಐತಪ್ಪ ಬಂದು ಗೋಡೆಯನ್ನೂ ನನ್ನನ್ನೂ ನೋಡಿದ. ಅವನ ಶಾಸ್ತ್ರದಲ್ಲಿ ಬಣ್ಣ ಎಂದರೆ ಮೂರು: ಬಿಳಿ, ನೀಲಿ, ಪಚ್ಚೆ. ನಾನು ಕೆನೆ, ಗೋಧಿ, ಬೈಹುಲ್ಲು ಎಂದು ವಿವರಿಸಿದೆ. "ಅದು ಬಣ್ಣ ಅಲ್ಲ ಮಾಸ್ಟ್ರೇ, ಅದು ಕೊಳೆ. ಕೊಳೆ ಹೊಡೆಯುದು ನಾನು ಕಲಿಯಲಿಲ್ಲ" ಎಂದ. ಮತ್ತೂ ಒತ್ತಾಯ ಮಾಡಿದಾಗ ಅವನಿಗೆ ತಂಗಿಯ ಊರಲ್ಲಿ ಭೂತದ ನೇಮ ಇರುವುದು ನೆನಪಾಯಿತು. ಹಳೇ ನೀಲಿಯನ್ನು ಕೆರೆದು, ಬುಟ್ಟಿ ಸುಣ್ಣ, ಎರಡು ಬ್ರಶ್ಶು ಇಟ್ಟು, ಬರುವ ವಾರ ಬರುತ್ತೇನೆ ಎಂದು ಹೋದ. ಗಂಡಿನವರು ಬರಲು ಉಳಿದಿದ್ದದ್ದು ಒಂದೇ ದಿನ.

ವಿಜ್ಞಾನ ಓದಿದವನಿಗೆ ಒಂದು ಗೋಡೆ ಯಾವ ಲೆಕ್ಕ ಎಂದು ಪಂಚೆ ಎತ್ತಿ ಕಟ್ಟಿದೆ. ಸುಣ್ಣ ನೀರಿನಲ್ಲಿ ಕುದಿದು ಆರಿತು. ಅಚ್ಚ ಬಿಳಿ. ಕೆನೆಯಾಗಲು ಒಂದಿಷ್ಟು ಹಳದಿ ಸೇರಬೇಕಷ್ಟೆ. ಪೇಟೆಗೆ ಹೋದರೆ ಅಂಗಡಿಯಲ್ಲಿ ಗೋಡೆಗೆ ಹಾಕುವ ಹಳದಿ ಬಣ್ಣದ ಪುಡಿ ಮುಗಿದಿತ್ತು. ಮನೆಗೆ ಬಂದು ನೀರು ಕುಡಿಯಲು ಅಡಿಗೆಮನೆಗೆ ಹೋದೆ. ಅಲ್ಲಿ ಶಾರದೆ ವರ್ಷಕ್ಕೆಂದು ಕುಟ್ಟಿ ತುಂಬಿಸಿಟ್ಟ ಅರಿಶಿನದ ಡಬ್ಬಿ ಕಂಡಿತು. ಹಳದಿ ಎಂದರೆ ಇದಕ್ಕಿಂತ ಹಳದಿ ಉಂಟೆ? ನನ್ನ ಬುದ್ಧಿಗೆ ನಾನೇ ಮೆಚ್ಚಿ, ಒಂದು ಹಿಡಿ ತಂದು ಸುಣ್ಣಕ್ಕೆ ಹಾಕಿ ಕಲಕಿದೆ.

ನೀವು ನಗುತ್ತಿದ್ದೀರಿ. ನಗಬೇಕಾದದ್ದೇ. ಅರಿಶಿನಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆಂದು ಆರತಿ ನೀರು ಕದಡುವ ಐದು ವರ್ಷದ ಹುಡುಗಿಗೂ ಗೊತ್ತು. ನನಗೆ ಎಲ್ಲರಿಗಿಂತ ಹೆಚ್ಚು ಗೊತ್ತಿರಬೇಕಿತ್ತು. ಪ್ರತಿ ವರ್ಷ ನಾನೇ ತರಗತಿಯಲ್ಲಿ ಅರಿಶಿನದ ಕಾಗದವನ್ನು ಸುಣ್ಣದ ತಿಳಿಯಲ್ಲಿ ಅದ್ದಿ, "ನೋಡಿರಿ ಮಕ್ಕಳೇ, ಕೆಂಪಾಯಿತು!" ಎಂದು ಮಂತ್ರವಾದಿಯಂತೆ ಎತ್ತಿ ತೋರಿಸುತ್ತಿದ್ದೆ. ಆದರೆ ಅದು ಪಾಠ, ಇದು ಗೋಡೆ. ಎರಡಕ್ಕೂ ಸಂಬಂಧ ಇರಬಹುದೆಂದು ಹೊಳೆಯಲೇ ಇಲ್ಲ. ಬಕೆಟ್ಟು ಕೆಂಪಗಾದಾಗ, ಒಣಗಿದ ಮೇಲೆ ತಿಳಿಯಾಗುತ್ತದೆ ಎಂದು ಸಮಾಧಾನ ಮಾಡಿಕೊಂಡು ಬಳಿದೆ. ತಿಳಿಯಾಗಲಿಲ್ಲ. ಹಳದಿ ಕಡಿಮೆಯಾಗಿರಬೇಕು ಎಂದು ಮತ್ತೆ ಅರಿಶಿನ ಹಾಕಿದೆ. ಇನ್ನೂ ಕೆಂಪಾಯಿತು. ಡಬ್ಬಿಯ ತಳ ಕಾಣುವ ಹೊತ್ತಿಗೆ ಚಾವಡಿಯ ನಾಲ್ಕೂ ಗೋಡೆ ಮುಗಿದಿತ್ತು.

ಸಂಜೆಯ ಬಸ್ಸಿಗೆ ಶಾರದೆ ಮತ್ತು ಸುಶೀಲೆ ಬಂದರು. ಶಾರದೆ ಹೊಸ್ತಿಲಲ್ಲೇ ನಿಂತಳು.

"ಯಾರನ್ನು ಕೊಂದದ್ದು?"

ನಾನು ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದೆ. ಅವಳಿಗೆ ವಾಸನೆಯಲ್ಲೇ ತಿಳಿಯಿತು. "ಮದುವೆಯ ದಿನ ನಿಮಗೆ ಎತ್ತಿದ ಆರತಿಯ ನೀರು ಎಂತದ್ದೂಂತ ತಿಳ್ಕೊಂಡಿದ್ದಿರಿ? ಶರಬತ್ತಾ?" ಎಂದವಳು ಒಳಗೆ ಹೋಗಿ ಪಾತ್ರೆಗಳನ್ನು ಕುಕ್ಕತೊಡಗಿದಳು. ಬೈದರೆ ತಡೆದುಕೊಳ್ಳಬಹುದಿತ್ತು. ಸುಶೀಲೆ ಮಾತ್ರ ಗೋಡೆಯನ್ನು ನೋಡುತ್ತ, "ಚಂದ ಕಾಣ್ತದೆ ಭಾವ" ಎಂದಳು. ಸುಳ್ಳು ಹೇಳುವಾಗ ಅವಳ ಮೂಗು ಅರಳುತ್ತದೆ, ಆಗಲೂ ಅರಳಿತ್ತು. ಮೂರನೆಯವರೂ 'ತಿಳಿಸ್ತೇವೆ' ಎಂದು ಹೋದರೆ ಅದು ನನ್ನ ಗೋಡೆಯಿಂದ ಎಂದಾಗುತ್ತದಲ್ಲ! ಮತ್ತೆ ಬಿಳಿ ಹೊಡೆಯೋಣವೆಂದರೆ ಬುಟ್ಟಿಯಲ್ಲಿ ಸುಣ್ಣವಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಶಾರದೆ ಹೊರಗೆ ಬಂದು ಗೋಡೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಬೆರಳು ಕೆಂಪು. "ಸುಣ್ಣಕ್ಕೆ ಅಂಟು ಹಾಕಿದ್ದೀರಾ?" ಹಾಕಿರಲಿಲ್ಲ. ಹಾಕಬೇಕೆಂದು ಗೊತ್ತೇ ಇರಲಿಲ್ಲ. "ಹಾಗಾದರೆ ನಾಳೆ ನಿಮಗೆ ಒಂದೇ ಕೆಲಸ. ಬಂದವರು ಯಾರೂ ಗೋಡೆಗೆ ಒರಗಬಾರದು" ಎಂದಳು.

ಮರುದಿನ ಬೆಳಿಗ್ಗೆ ಬಂದದ್ದು ಮೂವರು. ಕಡಬದಲ್ಲಿ ಜವಳಿ ಅಂಗಡಿ ನೋಡಿಕೊಳ್ಳುವ ಹುಡುಗ ವಾಸುದೇವ, ಅವನ ತಾಯಿ, ಅವನ ಸೋದರಮಾವ. ಜವಳಿ ಅಂಗಡಿಯವರ ಬಟ್ಟೆ ಕೇಳಬೇಕೆ? ಮಾವ ಅಳಿಯ ಇಬ್ಬರದೂ ಕೊಕ್ಕರೆಯಂಥ ಬಿಳಿ ಜುಬ್ಬ. ತಾಯಿಯನ್ನು ಶಾರದೆ ಒಳಬಾಗಿಲ ಹತ್ತಿರ ಮಣೆ ಹಾಕಿ ಕೂರಿಸಿದಳು. ಗಂಡಸರಿಗೆ ನಾನು ಬೆಂಚನ್ನು ಚಾವಡಿಯ ನಟ್ಟನಡುವೆ ಇಟ್ಟಿದ್ದೆ. ಮಾವ ಬೆಂಚನ್ನು ನೋಡಿದರು, ಗೋಡೆಯನ್ನು ನೋಡಿದರು. ಹುಬ್ಬು ಮೇಲೆ ಹೋಯಿತು.

"ನನಗೆ ಸೊಂಟ ಸರಿ ಇಲ್ಲ. ಒರಗದೆ ಕೂತರೆ ಆಗುದಿಲ್ಲ" ಎಂದು ಬೆಂಚು ಎಳೆಯತೊಡಗಿದರು.

"ಇಲ್ಲಿ ಗಾಳಿ ಚೆನ್ನಾಗಿ ಬರ್ತದೆ" ಎಂದು ನಾನು ಇನ್ನೊಂದು ತುದಿ ಹಿಡಿದೆ.

"ಗಾಳಿ ಬೇಡ ಮಾರಾಯ್ರೆ, ಗೋಡೆ ಬೇಕು."

ಹೆಣ್ಣು ನೋಡಲು ಬಂದವರ ಜೊತೆ ಬೆಂಚಿಗಾಗಿ ಎಷ್ಟು ಹೊತ್ತು ಜಗ್ಗಾಡಬಹುದು? ಬಿಟ್ಟೆ. ಮಾವ ಸುಖವಾಗಿ ಒರಗಿದರು. ಪಕ್ಕದಲ್ಲಿ ಅಳಿಯನೂ ಒರಗಿದ. ನಾನು ಶಾರದೆಯ ಕಡೆ ನೋಡಲಿಲ್ಲ. ಸುಶೀಲೆ ಉಪ್ಪಿಟ್ಟು, ಕಾಫಿ ತಂದಳು, ಹೆಸರು ಹೇಳಿದಳು, ಓದಿದ್ದು ಎಷ್ಟೆಂದು ಹೇಳಿದಳು. ತಲೆ ಎತ್ತಲಿಲ್ಲ. ಹಿಂದೆ ಎರಡು ಸಲ ನಡೆದಂತೆಯೇ ಎಲ್ಲವೂ ನಡೆಯುತ್ತಿತ್ತು. ಹುಡುಗನ ತಾಯಿಯ ಮುಖದಲ್ಲಿ ಆಗಲೇ 'ತಿಳಿಸ್ತೇವೆ' ಮೂಡತೊಡಗಿತ್ತು.

ಆಗ ಮಾವ ಕೈ ತೊಳೆಯಲು ಎದ್ದು ಅಂಗಳದ ಕಡೆಗೆ ತಿರುಗಿದರು. ಜುಬ್ಬದ ಬೆನ್ನು ಹೆಗಲಿನಿಂದ ಸೊಂಟದವರೆಗೆ ಕೆಂಪು. ವಾಸುದೇವ ಅದನ್ನು ನೋಡಿದ. ಅವನಿಗೆ ನಗು ತಡೆಯಲಾಗಲಿಲ್ಲ. "ಮಾವಾ, ಬೆನ್ನು! ಬೆನ್ನು ನೋಡಿ!" ಎಂದು ಎದ್ದ. ತಮ್ಮ ಬೆನ್ನು ತಾವು ನೋಡಲು ಮಾವ ನಿಂತಲ್ಲೇ ಒಂದು ಸುತ್ತು ತಿರುಗಿದರು; ಬೆನ್ನೂ ತಿರುಗಿತು. ಅಷ್ಟರಲ್ಲಿ ಅವರಿಗೆ ಅಳಿಯನ ಬೆನ್ನು ಕಂಡಿತು. "ನನ್ನದಲ್ಲ, ನಿಂದು ನೋಡು ಮಾರಾಯ!" ಎಂದು ಅವರು ನಗತೊಡಗಿದರು. ಅವನು ಇವರ ಬೆನ್ನಿಗೆ, ಇವರು ಅವನ ಬೆನ್ನಿಗೆ ಬೆರಳು ತೋರಿಸುತ್ತ, ಇಬ್ಬರೂ ತಮ್ಮದು ಶುಭ್ರವಾಗಿದೆ ಎಂದೇ ನಂಬಿ, ಒಬ್ಬರ ಸುತ್ತ ಒಬ್ಬರು ತಿರುಗುತ್ತಿದ್ದರು.

ಸುಶೀಲೆ ನಕ್ಕುಬಿಟ್ಟಳು. ಸೆರಗು ಬಾಯಿಗೆ ಒತ್ತಿದಳು, ಪ್ರಯೋಜನವಾಗಲಿಲ್ಲ. ತಟ್ಟೆಯಲ್ಲಿದ್ದ ಲೋಟಗಳು ಗಲಗಲ ಎನ್ನುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣು ಹಾಗೆ ನಗುವ ಪದ್ಧತಿ ಇಲ್ಲ. ಶಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಾನು ಹುಡುಗನ ತಾಯಿಯ ಎದುರು ಕೈಮುಗಿದು, "ತಪ್ಪು ಅವಳದ್ದಲ್ಲ ಅಮ್ಮ, ಗೋಡೆಗೆ ಅರಿಶಿನ ಹಾಕಿದ್ದು ನಾನು. ಕೆನೆಬಣ್ಣ ಬರ್ತದೆ ಅಂತ ಮಾಡಿದ್ದು" ಎಂದು ತೊದಲಿದೆ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನೀವು ಎಂತ ಪಾಠ ಮಾಡುದು?"

"ವಿಜ್ಞಾನ."

ಈಗ ಅವರೂ ನಕ್ಕರು. ನಕ್ಕು ಮುಗಿಸಿ ಶಾರದೆಗೆ ಹೇಳಿದರು: "ನಾಲ್ಕು ಕಡೆ ಹುಡುಗಿ ನೋಡಿದೆವು. ಎಲ್ಲರೂ ತಲೆ ತಗ್ಗಿಸಿ ಕೂತದ್ದೇ. ನಗ್ತಾರಾ ಇಲ್ಲವಾ ಅಂತ ಹೇಗೆ ಗೊತ್ತಾಗುದು? ನಮ್ಮದು ನಗುವ ಮನೆ. ಇವಳು ನಗ್ತಾಳೆ. ನನಗೆ ಒಪ್ಪಿಗೆ." ವಾಸುದೇವನನ್ನು ಯಾರೂ ಕೇಳುವ ಅಗತ್ಯವಿರಲಿಲ್ಲ. ಅವನು ಕೆಂಪು ಬೆನ್ನನ್ನು ಮರೆತು ಸುಶೀಲೆಯನ್ನೇ ನೋಡುತ್ತ ನಿಂತಿದ್ದ.

ಮದುವೆ ಮೇ ತಿಂಗಳಲ್ಲೇ ಆಯಿತು. ಆಮೇಲೆ ಒಂದು ವಿಚಿತ್ರ ನಡೆಯಿತು. ಬಿಸಿಲು ಬೀಳುತ್ತ ಬೀಳುತ್ತ ಚಾವಡಿಯ ಕೆಂಪು ತಿಳಿಯಾಗಿ, ಕಿತ್ತಳೆಯಾಗಿ, ಕೊನೆಗೆ ಬಾಗಿಲಿನ ಎದುರಿನ ಗೋಡೆ ನಾನು ಹಂಬಲಿಸಿದ ಅದೇ ಕೆನೆಬಣ್ಣಕ್ಕೆ ಬಂದು ನಿಂತಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ರಾಯರನ್ನು ಕರೆದು ತೋರಿಸಿದೆ. "ನೋಡಿ, ಬೆಚ್ಚಗಾಯ್ತು!" ಎಂದರು. ಸುಳ್ಯದಿಂದ ಧನಿಗಳು ಬಂದವರು ಮಾತ್ರ ಗೋಡೆಯ ಮುಂದೆ ನಿಂತು ಮರುಕದಿಂದ, "ಛೆ, ಎಷ್ಟು ಹೊಗೆ ಹಿಡಿದಿದೆ ಮಾಸ್ಟ್ರೇ! ಹೇಳಬಾರದಿತ್ತಾ?" ಎಂದರು. ಮುಂದಿನ ವಾರವೇ ಆಳು ಕಳಿಸಿ ಬಿಳಿ ಸುಣ್ಣ ಹೊಡೆಸಿದರು. ನಾನು ಉಪಕಾರವಾಯಿತೆಂದು ಹೇಳಬೇಕಾಯಿತು.

ಕೆಲವು ವರ್ಷಗಳ ಮೇಲೆ ವಾಸುದೇವ ಕಡಬದಲ್ಲಿ ಹೊಸ ಮನೆ ಕಟ್ಟಿಸಿದ. ಬಣ್ಣ ಹೊಡೆಯುವ ಮೊದಲು ನಾನು ಬಂದು ನೋಡಲೇಬೇಕೆಂದು ಹೇಳಿ, ನನ್ನನ್ನು ಕರೆದುಕೊಂಡು ಹೋಗಲು ಜೀಪು ಕಳಿಸಿದ. ಜೀಪಿನಲ್ಲಿ ಮುಂದಿನ ಸೀಟು ನನಗೆ. ಅಂತೂ ನನ್ನ ರುಚಿಗೆ ಒಂದು ಬೆಲೆ ಬಂತಲ್ಲ ಎಂದು ದಾರಿಯುದ್ದಕ್ಕೂ ಉಬ್ಬಿದ್ದೆ. ಶಾರದೆ ಹಿಂದೆ ಕೂತು ಯಾಕೋ ಕಿಟಕಿಯಿಂದ ಹೊರಗೇ ನೋಡುತ್ತಿದ್ದಳು. ಗೋಡೆಯ ಮೇಲೆ ಮೂರು ಬಣ್ಣ ಅಂಗೈಯಗಲ ಬಳಿದಿಟ್ಟಿದ್ದರು: ಬಿಳಿ, ತಿಳಿ ಪಚ್ಚೆ, ಗೋಧಿ. ನಾನು ಕೈಯನ್ನು ಹಿಂದೆ ಕಟ್ಟಿಕೊಂಡು ಹತ್ತಿರದಿಂದ ನೋಡಿದೆ, ದೂರದಿಂದ ನೋಡಿದೆ. ಬಿಸಿ ಬಣ್ಣ, ತಂಪು ಬಣ್ಣ ಎಂದು ಸ್ವಲ್ಪ ಹೊತ್ತು ವಿವರಿಸಿದೆ. ಸುಶೀಲೆ ಬಹಳ ಶ್ರದ್ಧೆಯಿಂದ ಕೇಳಿದಳು. ಕೊನೆಗೆ ಗೋಧಿಯ ಮೇಲೆ ಬೆರಳಿಟ್ಟು, "ಇದು" ಎಂದೆ.

ಸುಶೀಲೆ ಬಣ್ಣದವನ ಕಡೆಗೆ ತಿರುಗಿದಳು. "ಕೇಳಿತಲ್ಲ? ಆ ಗೋಧಿಯ ಡಬ್ಬಿ ವಾಪಸು ಕೊಟ್ಟುಬಿಡಿ."

"ಮತ್ತೆ ನನ್ನನ್ನು ಎಂತಕ್ಕೆ ಕರೆಸಿದ್ದು?" ಎಂದೆ.

"ಮೂರರಲ್ಲಿ ಯಾವುದು ಬೇಡ ಅಂತ ನಮಗೆ ತೀರ್ಮಾನ ಆಗ್ತಾ ಇರಲಿಲ್ಲ ಭಾವ" ಎಂದಳು. ಮೂಗು ಅರಳಿರಲಿಲ್ಲ.

ನಾನು ಹೋಗಿ ಊಟದ ಎಲೆಯ ಮುಂದೆ ಕೂತೆ. ಊಟದ ಕೊನೆಗೆ ಪಾಯಸ ಬಂತು. ಹಾಲು ಬತ್ತಿಸಿ ಮಾಡಿದ್ದು, ಕೆನೆಗಟ್ಟಿದ್ದು. ಅದರ ಬಣ್ಣದ ಬಗ್ಗೆ ಒಂದು ಮಾತು ಬಾಯಿಯವರೆಗೆ ಬಂತು. ಎದುರಿನ ಸಾಲಿನಲ್ಲಿ ಶಾರದೆ ನನ್ನನ್ನೇ ನೋಡುತ್ತಿದ್ದಳು. ಮಾತನ್ನು ಪಾಯಸದ ಜೊತೆಗೆ ನುಂಗಿ, ಇನ್ನೊಂದು ಸೌಟು ಹಾಕಿಸಿಕೊಂಡೆ.