‘ಗೂಬೆಗೆ ಹಗಲು’ ನೋಡಿದವರು

ಗೋಪೀನಾಥ: ಕೊನೇಲಿ ಅವಳು ಸಾಯ್ತಾಳೆ ಕಣೋ! ಕಣ್ಣಾರೆ ನೋಡಿದೀನಿ.

ಲಕ್ಷ್ಮೀಪತಿ: ಯಾವಳು ಸಾಯೋದು? ಆ ಚಿತ್ರದಲ್ಲಿ ಹೆಂಗಸೇ ಇಲ್ಲ!

ಗೋಪೀನಾಥ: ಇಲ್ಲ ಅನ್ನೋ ಹಾಗೆ ಇದಾಳೆ. ಅದೇ ಅದರ ವಿಶೇಷ.

ರಾಜಾಜಿನಗರದ ಗೋಪೀನಾಥನ ಮನೆಯ ವರಾಂಡದಲ್ಲಿ ಬೆಳಗಿನಿಂದ ಇದೇ ಜಗಳ. ‘ಗೂಬೆಗೆ ಹಗಲು’ ಎಮರ್ಜೆನ್ಸಿಯಲ್ಲಿ ಕದ್ದುಮುಚ್ಚಿ ತೆಗೆದ ‘ಅಂಡರ್‌ಗ್ರೌಂಡ್’ ಚಿತ್ರ. ನೋಡಿದವರು ಯಾರೋ ಗೊತ್ತಿಲ್ಲ, ನೋಡಿದೆವು ಎನ್ನುವವರು ಧಾರಾಳ. ಗೋಪೀನಾಥ ಅದರ ಪೋಸ್ಟರನ್ನೂ ಕಂಡವನಲ್ಲ. ಆದರೆ ಅವನಿಗೆ ಬಡಾವಣೆಯ ಫಿಲಂ ಸೊಸೈಟಿಯ ಹೊಸ ಕಾರ್ಯದರ್ಶಿ ಆಗಬೇಕಿತ್ತು. ಗೆಳೆಯ ಲಕ್ಷ್ಮೀಪತಿ ಪೂನಾದಲ್ಲಿ ನೋಡಿದೆ ಎಂದ ಮೇಲೆ, ಇವನು ಮದ್ರಾಸಿನಲ್ಲಿ ನೋಡದೆ ವಿಧಿಯಿರಲಿಲ್ಲ.

ಕಾಫಿ ತಂದ ಹೆಂಡತಿ ತುಂಗಾ ಕೇಳಿದಳು: ಅದೇನ್ರೀ ಅಂಡರ್‌ಗ್ರೌಂಡು ಅಂಡರ್‌ಗ್ರೌಂಡು ಅಂತೀರಾ? ನಮ್ಮ ರಸ್ತೆ ಅಗೆದು ಬಿಟ್ಟಿದಾರಲ್ಲ, ಅದಾ?

ಗೋಪೀನಾಥ: ಅದು ಡ್ರೈನೇಜು ಕಣೇ! ಇದು ಕಲೆ.

ತುಂಗಾ: ಎರಡನ್ನೂ ಮುಚ್ಚಿಟ್ಟಿದ್ರೇ ವಾಸಿ ಅನ್ಸುತ್ತೆ.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಗಡ್ಡ, ಜುಬ್ಬ, ಹೆಗಲಿಗೆ ಜೋಳಿಗೆ ಚೀಲ.

ಬಂದವನು: ನಮಸ್ಕಾರ ಸಾರ್. ನಾನು ಜಗನ್ನಾಥ. ‘ಗೂಬೆಗೆ ಹಗಲು’ ತೆಗೆದೋನು ನಾನೇ.

ಗೋಪೀನಾಥ ಕಾಫಿ ಲೋಟ ಕೆಳಗಿಟ್ಟ. ಸಿಕ್ಕಿಬಿದ್ದೆ ಎಂದುಕೊಂಡ. ಪಕ್ಕಕ್ಕೆ ನೋಡಿದರೆ ಲಕ್ಷ್ಮೀಪತಿಯ ಮುಖವೂ ಬೆವರಿತ್ತು.

ಜಗನ್ನಾಥ: ಈಗ ತಾನೇ ಲ್ಯಾಬಿಂದ ಪ್ರಿಂಟ್ ಬಂತು ಸಾರ್. ಮೊಟ್ಟಮೊದಲ ಪ್ರದರ್ಶನ ಮುಂದಿನ ಭಾನುವಾರ, ಹೊಸಹಳ್ಳಿ ಸ್ಕೂಲ್ ಹಾಲಲ್ಲಿ. ಫ್ರೀ ಪಾಸು. ಯಾರೂ ತಗೋತಿಲ್ಲ!

ಲಕ್ಷ್ಮೀಪತಿ: ಯಾಕೆ?

ಜಗನ್ನಾಥ: ಎಲ್ರೂ ನೋಡಿದೀವಿ ಅಂತಾರೆ. ಬಸವೇಶ್ವರನಗರದಲ್ಲಿ ಒಬ್ರು ಎರಡು ಸಲ ನೋಡಿದ್ರಂತೆ, ಮೊದಲ್ನೇ ಸಲದ್ದೇ ಚೆನ್ನಾಗಿತ್ತಂತೆ. ನೀವಾದ್ರೂ ಬನ್ನಿ ಸಾರ್.

ಗೋಪೀನಾಥನ ಕೈ ಪಾಸಿನ ಕಡೆ ತಾನಾಗಿ ಚಾಚಿತು. ಲಕ್ಷ್ಮೀಪತಿ ನೋಡುತ್ತಿದ್ದ. ಕೈ ಅರ್ಧದಾರಿಯಿಂದ ತಿರುಗಿ ತಲೆ ಕೆರೆಯಿತು.

ಗೋಪೀನಾಥ: ನಾನು... ನೋಡಿದೀನಲ್ಲ.

ಲಕ್ಷ್ಮೀಪತಿ: ನಾನೂನೂ.

ಜಗನ್ನಾಥ: ಪ್ರಿಂಟೇ ಇರ್ಲಿಲ್ವಲ್ಲ ಸಾರ್, ಎಲ್ಲಿ ನೋಡಿದ್ರಿ?

ಲಕ್ಷ್ಮೀಪತಿ: ಅದೇ ರೀ ಅಂಡರ್‌ಗ್ರೌಂಡು ಅಂದ್ರೆ. ತೆಗೆದೋರಿಗೂ ಗೊತ್ತಾಗಬಾರದು!

ಗೋಪೀನಾಥ: ಹೌದೌದು. ನಿಮಗಿನ್ನೂ ಅನುಭವ ಸಾಲದು.

ಬೆಳಗಿನಿಂದ ಮೊದಲ ಸಲ ಗೆಳೆಯರು ಒಂದೇ ಮಾತಾಡಿದ್ದರು. ಜಗನ್ನಾಥ ಸೋತು ಚೀಲ ಎತ್ತಿಕೊಂಡ.

ತುಂಗಾ: ಇರಿ ಅಣ್ಣ. ನಾನು ನೋಡಿಲ್ಲ.

ಜಗನ್ನಾಥನ ಕಣ್ಣು ತುಂಬಿ ಬಂತು.

ಜಗನ್ನಾಥ: ನಮ್ಮಮ್ಮ! ಈ ಊರಲ್ಲಿ ನನ್ನ ಸಿನಿಮಾ ನೋಡದೇ ಇರೋರು ನೀವೊಬ್ರೇ! ಎಷ್ಟು ಪಾಸ್ ಬೇಕು?

ತುಂಗಾ: ಎರಡು ಸಾಕು. ಪಕ್ಕದ್ಮನೆ ಶಿವಕ್ಕನೂ ಬರ್ತಾರೆ.

ಗೋಪೀನಾಥ: ಲೇ, ಶಿವಕ್ಕ ಯಾಕೆ? ಅಷ್ಟು ದೂರ ಹೆಂಗಸರಿಬ್ರೇ... ನಾನೇ ಜೊತೆಗೆ ಬರ್ತೀನಿ ಬಿಡು. ನಿನಗೋಸ್ಕರ ಇನ್ನೊಂದ್ಸಲ ನೋಡಿದ್ರಾಯ್ತು.

ತುಂಗಾ ಪಾಸುಗಳನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ಒಳಗೆ ತೊಟ್ಟಿಲಲ್ಲಿ ಕೂಸು ಎದ್ದು ಕಿರುಚತೊಡಗಿತು.

ತುಂಗಾ: ನೋಡಿದ್ದನ್ನೇ ಯಾಕ್ರೀ ನೋಡ್ತೀರಾ? ಭಾನುವಾರ ನೀವಿಬ್ರೂ ಕೂತು ಮಗು ನೋಡ್ಕೊಳ್ಳಿ. ಅದನ್ನ ನೀವು ಒಂದ್ಸಲಾನೂ ನೋಡ್ಕೊಂಡಿಲ್ಲ ಅಂತ ಬೇಕಾದ್ರೆ ನಾನೇ ಸಾಕ್ಷಿ ಹೇಳ್ತೀನಿ!