ಬೈರಪ್ಪನವರ ನಲವತ್ತೆರಡು ಹೆಜ್ಜೆ

ಇಡೀ ರಗಳೆಗೆ ಕಾರಣ ಎರಡು ತೆಂಗಿನಮರ. ಅವು ಇದ್ದದ್ದು ಕುಂದಾಪುರದಿಂದಾಚೆ ಮರಳಕೋಡಿ ಎಂಬ ಕಡಲತೀರದ ಊರಿನಲ್ಲಿ. ಅವುಗಳ ದೆಸೆಯಿಂದ ಪೇಚಿಗೆ ಸಿಕ್ಕಿದವಳು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಚೇರಿಯ ಐದನೇ ಮಹಡಿಯಲ್ಲಿ ಕೂತಿದ್ದ ಹೇಮಲತಾ.

ರಾಣೆಬೆನ್ನೂರಿನ ಹೇಮಲತಾ ಮೀನು ತಿನ್ನುವ ಮನೆಯವಳಲ್ಲ. ಸಮುದ್ರ ಕಂಡದ್ದು ಏಳನೇ ಕ್ಲಾಸಿನ ಪ್ರವಾಸದಲ್ಲಿ ಒಂದೇ ಸಲ, ಅದೂ ಮೇಷ್ಟ್ರು ಹಗ್ಗ ಅಡ್ಡ ಹಿಡಿದು ನಿಲ್ಲಿಸಿದಷ್ಟು ದೂರದಿಂದ. ಆದರೆ ಎಂಟು ತಿಂಗಳಿಂದ ಅವಳ ಕೆಲಸವೆಲ್ಲ ಕಡಲಿನದೇ. ಮೀನು ಎಲ್ಲೆಲ್ಲಿ ಮೊಟ್ಟೆಯಿಡುತ್ತದೆಂದು ಹಳೆಯ ಮೀನುಗಾರರನ್ನು ಫೋನಿನಲ್ಲಿ ಕೇಳುವುದು, ಆ ಜಾಗಗಳನ್ನು ನಕ್ಷೆಗೆ ಏರಿಸುವುದು. ಮೀನುಗಾರರ ಸಂಘ ಆ ನಕ್ಷೆಗೆ ಸಹಿ ಹಾಕಿದರೆ, ಮರಿಯಾಗುವ ಕಾಲದಲ್ಲಿ ಅಲ್ಲಿ ಯಾರೂ ಬಲೆ ಬಿಡುವಂತಿಲ್ಲ. ಎದುರಿಗೆ ನಾಲ್ಕು ಜನ ಕೂತರೆ ಹೇಮಲತಾಳ ಮಾತು ಕರೆಂಟು ಹೋದ ಮಿಕ್ಸಿಯ ಹಾಗೆ ನಿಂತುಬಿಡುತ್ತಿತ್ತು. ಫೋನಿನಲ್ಲಿ ಮಾತ್ರ, ಅದರಲ್ಲೂ ಅಜ್ಜಂದಿರ ಹತ್ತಿರ, ಅವಳಿಗೆ ಧೈರ್ಯ. ಅವರು ಹೇಳಿದ್ದನ್ನೆಲ್ಲ ದಪ್ಪನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು.

ಅಜ್ಜಂದಿರು ಜಾಗವನ್ನು ಅಂಕಿಯಲ್ಲಿ ಹೇಳುವವರಲ್ಲ. ದೋಣಿಯಿಂದ ದಡದ ಕಡೆ ನೋಡಿ ಗುರುತು ಹಿಡಿಯುವವರು. ಶೇಷ ಖಾರ್ವಿ ಅಜ್ಜ ಹೇಳಿದ್ದು ಹೀಗೆ: ದೀಪಸ್ತಂಭ ನಡುಗಡ್ಡೆಯ ಅಂಚಿಗೆ ತಾಗಿದ ಹಾಗೆ ಕಂಡರೆ ಅದೊಂದು ಗೆರೆ, ದೇವಸ್ಥಾನದ ಹಿಂದಿನ ಜೋಡಿ ತೆಂಗಿನಮರ ಗುಡ್ಡದ ತುದಿಗೆ ಕೂಡಿದ ಹಾಗೆ ಕಂಡರೆ ಇನ್ನೊಂದು ಗೆರೆ. ಎರಡೂ ಗೆರೆ ಸೇರುವಲ್ಲಿ, ನೀರಿನಡಿಯಲ್ಲಿ, ಅಜ್ಜಿಕಲ್ಲು ಎಂಬ ಬಂಡೆ. ಮೀನುಗಳ ಹೆರಿಗೆಮನೆ ಅದು.

ಬೆಳಗ್ಗೆ ಹತ್ತೂವರೆಗೆ ನಕ್ಷೆ ಮಾಡುವ ಲೋಕೇಶ್ ಕುರ್ಚಿ ಉರುಳಿಸಿಕೊಂಡು ಬಂದ.

"ಹೇಮಾ, ಹತ್ತು ಜಾಗ ಸರಿಯಾಗಿ ಕೂತಿದೆ. ಹನ್ನೊಂದನೇದಕ್ಕೆ ನಿನ್ನ ತೆಂಗಿನಮರ ಎಲ್ಲಮ್ಮ? ಸ್ಯಾಟಲೈಟ್ ಚಿತ್ರದಲ್ಲಿ ಒಂದು ಗರಿಯೂ ಕಾಣ್ತಿಲ್ಲ."

ವಿಚಾರಿಸಿದರೆ, ಇಪ್ಪತ್ತು ವರ್ಷದ ಹಿಂದಿನ ಗಾಳಿಮಳೆಗೆ ಎರಡೂ ಮರ ಬಿದ್ದುಹೋಗಿದ್ದವು. ಶೇಷ ಅಜ್ಜನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಅವರು ಸಂಘದ ಪರವಾಗಿ ಸಹಿ ಹಾಕಲು ಬೆಂಗಳೂರಿಗೇ ಹೊರಟಿದ್ದರು. ಸಂಜೆ ನಾಲ್ಕಕ್ಕೆ ಕಚೇರಿಯಲ್ಲಿರುತ್ತಾರೆ.

ಮ್ಯಾನೇಜರ್ ದೇವರಾಜ್ ಕೂಗಾಡುವ ಮನುಷ್ಯನಲ್ಲ. ಮೆಲ್ಲಗೆ ಹೇಳಿಯೇ ಎದೆ ನಡುಗಿಸುವವರು. "ನೋಡಮ್ಮ, ಅಜ್ಜಿಕಲ್ಲೇ ಇಲ್ಲ ಅಂದ್ರೆ ಈ ನಕ್ಷೆ ಯಾರಿಗೆ ಬೇಕು? ಸಹಿ ಬಿದ್ರೆ ನಿನ್ನ ಕೆಲಸ ಪರ್ಮನೆಂಟು. ಬೀಳಲಿಲ್ಲ ಅಂದ್ರೆ ಜಿಗಣಿ ಬ್ರಾಂಚಲ್ಲಿ ಒಂದು ಸೀಟ್ ಖಾಲಿ ಇದೆ."

ಜಿಗಣಿ ಬ್ರಾಂಚಿನ ಕೆಲಸವೆಂದರೆ ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಫೋನ್ ತೆಗೆಯುವುದು. ಇಡೀ ದಿನ ಅಪರಿಚಿತರು ಕಿರುಚುತ್ತಾರೆ, ಇವಳು ಸಮಾಧಾನ ಹೇಳಬೇಕು. ನೆನೆಸಿಕೊಂಡೇ ಹೇಮಲತಾಳಿಗೆ ಲಿಫ್ಟಿನೊಳಗೆ ತಾನೇ ಸಿಕ್ಕಿಕೊಂಡ ಹಾಗಾಯಿತು.

ಆಗ ನೆನಪಾದದ್ದು ಚಂದಾಪುರದ ಬಾಡಿಗೆ ಮನೆಯ ಓನರ್ ನಾಗಲಕ್ಷ್ಮಮ್ಮನವರ ಹಾಲಿನ ಗೋಡೆ. ಅಲ್ಲೊಂದು ಫೋಟೋ: ಮೂವತ್ತು ವರ್ಷದ ಹಿಂದೆ ಊರಿನವರೆಲ್ಲ ಬಸ್ಸು ಮಾಡಿಕೊಂಡು ಹೋಗಿದ್ದ ಟೂರು. ಹಿಂದೆ ಕಡಲು, ದೇವಸ್ಥಾನ. "ಮರಳಕೋಡಿ ಅಂತ ಕಣಮ್ಮ, ಅಲ್ಲಿ ನಮ್ ಬಸ್ ಪಂಚರ್ ಆಯ್ತು" ಎಂದು ಅವರು ಹತ್ತು ಸಲವಾದರೂ ಹೇಳಿದ್ದರು.

ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಕಳಿಸಿ ಎಂದು ಕೇಳಿಕೊಂಡರೆ, ನಾಗಲಕ್ಷ್ಮಮ್ಮ ಒಂದು ಗಂಟೆಯೊಳಗೆ ಫ್ರೇಮಿನ ಸಮೇತ, ಗಂಡನ ಸಮೇತ ಆಟೋದಲ್ಲಿ ಬಂದಿಳಿದರು. ಗೇಟಿನಲ್ಲಿ ಸೆಕ್ಯೂರಿಟಿಯವನು ಫ್ರೇಮನ್ನು ಸ್ಕ್ಯಾನಿಂಗ್ ಯಂತ್ರಕ್ಕೆ ಹಾಕಬೇಕೆಂದ.

"ಇದ್ರಲ್ಲಿ ನಮ್ಮತ್ತೆ ಅವ್ರೆ ಕಣಪ್ಪ. ಬದುಕಿದ್ದಾಗ್ಲೇ ಯಾರೂ ಅವ್ರನ್ನ ಚೆಕ್ ಮಾಡಿದೋರಿಲ್ಲ" ಎಂದು ನಾಗಲಕ್ಷ್ಮಮ್ಮ ಫ್ರೇಮನ್ನು ಎದೆಗವಚಿಕೊಂಡು ಒಳಗೆ ಬಂದರು.

ಇಡೀ ತಂಡ ಫೋಟೋದ ಸುತ್ತ ಮುತ್ತಿತು. ದೇವಸ್ಥಾನವಿತ್ತು, ಗುಡ್ಡವಿತ್ತು. ತೆಂಗಿನಮರಗಳು ಇರಬೇಕಾದ ಕಡೆ ಮಾತ್ರ ನಾಗಲಕ್ಷ್ಮಮ್ಮನವರ ಯಜಮಾನರಾದ ಬೈರಪ್ಪನವರು ಎದೆಯುಬ್ಬಿಸಿ ನಿಂತಿದ್ದರು. ಅವರ ತಲೆಯಿಂದಲೇ ಗರಿ ಚಿಗುರಿದಂತೆ ಕಾಣುತ್ತಿತ್ತು. ಮರದ ಬುಡ ಎಲ್ಲಿದೆ, ದೇವಸ್ಥಾನದಿಂದ ಎಷ್ಟು ದೂರ, ಒಂದೂ ತಿಳಿಯುವಂತಿರಲಿಲ್ಲ.

"ಮೂವತ್ತು ವರ್ಷದಿಂದ ಏಳ್ತಾ ಇವ್ನಿ, ಈ ಮನುಷ್ಯ ಎಲ್ಲೋದ್ರೂ ಅಡ್ಡ ನಿಂತ್ಕೋತಾರೆ ಅಂತ" ಎಂದರು ನಾಗಲಕ್ಷ್ಮಮ್ಮ.

ಬೈರಪ್ಪನವರು ಹಿಂದೆ ಊರ ಕೆರೆಯ ನೀರಗಂಟಿ. ಯಾವ ಗದ್ದೆಗೆ ಎಷ್ಟು ನೀರು ಎಂದು ತೂಬು ತೆರೆದು ಮುಚ್ಚುತ್ತಿದ್ದವರು. ಈಗ ಗದ್ದೆಯ ಜಾಗದಲ್ಲೆಲ್ಲ ಬಾಡಿಗೆ ಮನೆ. ಆದರೂ ಎಲ್ಲವನ್ನೂ ಹೆಜ್ಜೆಯಲ್ಲಿ ಅಳೆಯುವ ಅಭ್ಯಾಸ ಹೋಗಿರಲಿಲ್ಲ. ಅವರು ಕಾಫಿ ಹೀರಿ, ಕಣ್ಣು ಮುಚ್ಚಿ, "ಗುಡಿ ಇಂದ್ಗಡೆ ಗೋಡೆಯಿಂದ ಬಡಗಣಕ್ಕೆ ನಲವತ್ತೆರಡು ಎಜ್ಜೆ" ಎಂದರು.

"ಖಂಡಿತಾನಾ ಸಾರ್?" ಎಂದ ಲೋಕೇಶ್.

"ಅನುಮಾನ ಇದ್ರೆ ನೀನೇ ಓಗಿ ಅಳ್ಕೊಂಡು ಬಾ ಮಗಾ."

ಒಂದು ಹೆಜ್ಜೆಯೆಂದರೆ ಎಷ್ಟು? ಬೈರಪ್ಪನವರನ್ನು ಕಾರಿಡಾರಿನಲ್ಲಿ ನಡೆಸಿದರು. ಲೋಕೇಶ್ ಟೇಪು ಹಿಡಿದು ಹಿಂದೆ ಹಿಂದೆ ಬಗ್ಗಿಕೊಂಡು ಹೋದ. ಮೂವತ್ತೊಂದನೇ ಹೆಜ್ಜೆಗೆ ಗಾಜಿನ ಬಾಗಿಲು ಬಂತು. ಬೈರಪ್ಪನವರು ನಿಲ್ಲಲಿಲ್ಲ, ಬಾಗಿಲೂ ತೆರೆಯಲಿಲ್ಲ. ಹಣೆ ಉಜ್ಜಿಕೊಳ್ಳುತ್ತ, "ಇದನ್ನ ಲೆಕ್ಕಕ್ಕೆ ಇಡ್ಕೋಬೇಡ" ಎಂದರು.

ಮೂರೂವರೆಗೆ ಎರಡು ಗೆರೆ ಕೂಡಿದವು. ನಕ್ಷೆಯಲ್ಲಿ ಹನ್ನೊಂದನೇ ಚುಕ್ಕೆ ಬೆಳಗಿತು. ಹೇಮಲತಾ ಕೆಳಗಿಳಿಯಲು ಲಿಫ್ಟಿನ ಮುಂದೆ ನಿಂತವಳು, ಯಾಕೆ ಬೇಕು ಎಂದು ಮೆಟ್ಟಿಲಲ್ಲೇ ಇಳಿದು ಅಜ್ಜನನ್ನು ತಾನೇ ಕರೆತಂದಳು.

ಶೇಷ ಖಾರ್ವಿ ಅಜ್ಜ ಬಿಳಿ ಪಂಚೆಯಲ್ಲಿ ಹಾಯಿಕಂಬದಂತೆ ನೆಟ್ಟಗೆ ಕೂತರು. ಹೇಮಲತಾ ಒಂದೊಂದೇ ಜಾಗ ತೋರಿಸುತ್ತ ಹೋದಳು. ಅಚ್ಚರಿಯೆಂದರೆ ಮಾತು ಎಲ್ಲೂ ತಡವರಿಸಲಿಲ್ಲ. ಹತ್ತಕ್ಕೂ ಅಜ್ಜ, "ಹೌದ್, ಹೌದ್. ಲಾಯ್ಕ್ ಆಯಿತ್" ಎಂದು ತಲೆಯಾಡಿಸಿದರು. ಹನ್ನೊಂದನೇ ಚುಕ್ಕೆ ತೋರಿಸಿದ್ದೇ ಅವರ ಕೈಯ ಪೆನ್ನು ನಿಂತಿತು.

"ಸ್ವಲ್ಪ ಗಾಳಿ ಬೇಕಿತ್ತ್. ಮಗಾ, ಒಂಚೂರ್ ಹೊರ್ಗ್ ಬಾ" ಎಂದು ಅವಳನ್ನು ಬಾಲ್ಕನಿಗೆ ಕರೆದುಕೊಂಡು ಹೋದರು.

"ಆ ಜಾಗ ನಿಂಗ್ ಯಾರ್ ಹೇಳದ್ದ್?"

"ನೀವ ಹೇಳಿದ್ರಲ್ಲರಿ, ಅಜ್ಜಾರ. ತೆಂಗಿನಮರದ ಗುರ್ತು."

"ಆ ಮರ ಬಿದ್ದ್ ಯಾವ್ ಕಾಲ ಆಯ್ತ್. ಯಾರಿಗೂ ಸಿಕ್ಕ್ಬಾರ್ದ್ ಅಂದೇ ಅಲ್ದಾ ನಾನ್ ಆ ಗುರ್ತ್ ಹೇಳದ್ದ್. ನಿಜ ಗುರ್ತ್ ಮರ ಅಲ್ಲ, ಗುಡಿ ಹಿಂದಿನ ಬಾವಿಯ ಸುಣ್ಣದ ಕಂಬ. ನೀನ್ ಕಂಬಕ್ಕೇ ಗೆರೆ ಎಳ್ದಿದ್ದೆ. ಅಜ್ಜಿಕಲ್ಲ್ ಅಲ್ಲೇ ಇಪ್ಪುದ್."

ಹೇಮಲತಾ ಕಂಬಿ ಹಿಡಿದುಕೊಂಡಳು. "ಮತ್ತ ಆ ಹತ್ತು ಜಾಗ?"

"ಅಲ್ಲಿ ಒಂದ್ ಸೀಗಡಿಯೂ ಇಲ್ಲ. ಅದ್ಕೇ ಹೌದ್ ಹೌದ್ ಅಂದದ್ದ್."

ಅಜ್ಜ ನಗಲಿಲ್ಲ. ಅಜ್ಜಿಕಲ್ಲಿನ ಹೆಸರು ಎಲ್ಲರಿಗೂ ಗೊತ್ತು, ಜಾಗ ಗೊತ್ತಿರುವುದು ನಾಲ್ಕು ಮನೆಗೆ ಮಾತ್ರ. ಮೊಟ್ಟೆಯಿಡುವ ಮೂರು ತಿಂಗಳು ಆ ನಾಲ್ಕು ಮನೆಯವರೂ ಅತ್ತ ದೋಣಿ ತಿರುಗಿಸುವುದಿಲ್ಲ. ಅಜ್ಜನ ಅಜ್ಜನ ಕಾಲದಿಂದ ಹಾಗೆಯೇ. "ಇಲ್ಲಿ ಬಲೆ ಬಿಡ್ಬೇಡಿ ಅಂತ ನಕ್ಷೆಯಲ್ಲ್ ಬರ್ದ್ರೆ, ದೂರದ ದೊಡ್ಡ ಬೋಟಿನವ್ರಿಗೆ ಇಲ್ಲೇ ಬನ್ನಿ ಅಂತ ಕರ್ದ್ ಹಾಂಗೇ. ಒಂದ್ ರಾತ್ರಿ ಸಾಕ್, ಕಲ್ಲ್ ಬರಿದ್."

ಹೇಮಲತಾ ಗಾಜಿನಾಚೆ ನೋಡಿದಳು. ಒಳಗೆ ದೇವರಾಜ್ ಗಡಿಯಾರ ನೋಡುತ್ತಿದ್ದರು. ಅವಳು ನೇರ ಒಳಗೆ ಹೋಗಿ, "ಸಾರ್, ಹೆಜ್ಜೆ ಲೆಕ್ಕದಾಗ ನನ್ನಿಂದ ತಪ್ಪಾಗೇತ್ರಿ" ಎಂದು ಹೇಳಿ, ಚುಕ್ಕೆಯನ್ನು ಎಳೆದು, ಮರಳು ಬಿಟ್ಟು ಬೇರೇನೂ ಇಲ್ಲದ ಕಡೆಗೆ ಇಟ್ಟಳು. ಅಷ್ಟು ಗಟ್ಟಿಯಾಗಿ ಅವಳು ಆ ಕಚೇರಿಯಲ್ಲಿ ಮಾತಾಡಿದ್ದು ಅದೇ ಮೊದಲು.

ಅಜ್ಜ ಸಹಿ ಹಾಕಿದರು. ಚಪ್ಪಾಳೆ ಬಿತ್ತು. ದೇವರಾಜ್ ಅವಳ ಕಡೆ ತಿರುಗಿ ಏನೋ ಒಳ್ಳೆಯದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜ ಕೈಯೆತ್ತಿದರು.

"ಸಂಘದ್ದ್ ಒಂದ್ ಶರ್ತ ಇತ್ತ್. ಮುಂದಿನ ವರ್ಷದ ಕೆಲ್ಸಕ್ಕೆ ಈ ಹೆಣ್ಣ್ ಬೇಡ. ಬೇರೆ ಯಾರನ್ನಾರೂ ಹಾಕಿ."

"ಯಾಕೆ ಸಾರ್? ಇವಳಷ್ಟು ಕಿವಿಗೊಟ್ಟು ಕೇಳೋರು ನಮ್ಮಲ್ಲಿ ಇನ್ನೊಬ್ಬರಿಲ್ಲ."

"ಅದ್ಕೇ" ಎಂದರು ಅಜ್ಜ. ಹೊರಡುವಾಗ ಅವಳ ತಲೆ ಸವರಿ, ಅವಳಿಗಷ್ಟೇ ಕೇಳುವಂತೆ, "ಬೇಜಾರ್ ಮಾಡ್ಕಣ್ಬೇಡ. ನಿನ್ನ ಇನ್ನೊಂದ್ ವರ್ಷ ಬಿಟ್ರೆ ನೀನ್ ನಿಜ ಜಾಗ ಹನ್ನೊಂದೂ ಹುಡ್ಕ್ತಿ" ಎಂದರು.

ಸೋಮವಾರದಿಂದ ಜಿಗಣಿ ಎಂಬ ಪತ್ರ ಐದೂವರೆಗೆ ಕೈಗೆ ಬಂತು.

ಸಂಜೆ ಚಂದಾಪುರದಲ್ಲಿ ಫೋಟೋ ಮತ್ತೆ ಗೋಡೆ ಸೇರಿತ್ತು. ಬೈರಪ್ಪನವರು ಹಣೆಗೆ ಅರಿಶಿನ ಹಚ್ಚಿಕೊಂಡು ಜಗಲಿಯಲ್ಲಿ ಕೂತಿದ್ದರು.

"ಅಲ್ರೀ ಬೈರಪ್ಪನವರೇ, ಮರದ ಬುಡಕ್ಕ ನಲವತ್ತೆರಡು ಹೆಜ್ಜೆ ಅಂತ ನಿಮಗ ಅಷ್ಟು ನೆನಪು ಹೆಂಗ್ರೀ?"

"ಮರಕ್ಕಾ? ಮರ ಯಾವನಿಗೆ ಬೇಕು ಕಣಮ್ಮ" ಎಂದರು ಬೈರಪ್ಪನವರು, ಹೆಂಡತಿ ಒಳಗಿದ್ದಾರೆಂದು ಖಾತ್ರಿ ಮಾಡಿಕೊಂಡು. "ಗುಡಿ ಇಂದೆ ಒಂದು ಬಾವಿ ಇತ್ತು. ನಾನು ಎಣ್ಸಿದ್ದು ಅದಕ್ಕೆ. ನೀರು ಎಲ್ಲೈತೆ ಅಂತ ನೋಡ್ದೆ ನಾನು ಯಾವ ಊರಲ್ಲೂ ಕೂತೋನಲ್ಲ. ಅಷ್ಟು ಜನ ಬಾಯ್ ಬಿಟ್ಕೊಂಡು ನೋಡ್ತಾ ಇದ್ರು, ಕಾಫಿ ಬೇರೆ ಕೊಟ್ಟಿದ್ರು, ಗೊತ್ತಿಲ್ಲ ಅನ್ನೋಕಾಯ್ತದಾ? ಗೊತ್ತಿದ್ದ ಎಜ್ಜೆ ಏಳ್ದೆ."

ಹೇಮಲತಾ ನೋಟ್‌ಬುಕ್ಕು ತೆಗೆದಳು. 'ತೆಂಗಿನಮರ' ಎಂದಿದ್ದ ಕಡೆ 'ಬಾವಿ' ಎಂದು ತಿದ್ದಲು ಪೆನ್ನಿನ ಕ್ಯಾಪು ಬಿಚ್ಚಿದಳು. ನಾಲ್ಕು ಮನೆಗಳ ನೆನಪಾಗಿ ಮತ್ತೆ ಮುಚ್ಚಿದಳು.

"ಜಿಗಣಿಗೆ ಆಕಿದ್ರಂತೆ?" ಎಂದರು ಬೈರಪ್ಪನವರು. "ಬಸ್ ಸ್ಟಾಪು ಇಲ್ಲಿಂದ ಇನ್ನೂರ ಅತ್ತು ಎಜ್ಜೆ. ಇದು ಮಾತ್ರ ಪಕ್ಕಾ."

"ಹೆಂಗ ಹೇಳ್ತೀರಿ?"

"ಪಕ್ಕದಲ್ಲೇ ಬೋರ್‌ವೆಲ್ ಐತಲ್ಲ."