ಅತ್ತೆ ಬಡಿಸಿದ ಲ್ಯಾಪ್‌ಟಾಪ್

ಮಾರ್ಸ್ಡನ್ ಪಾರ್ಕಿನ ಗುರುದತ್ತನಿಗೆ ಮನೆಯಿತ್ತು, ಮನೆಗಿಂತ ದೊಡ್ಡ ಮಾರ್ಟ್‌ಗೇಜ್ ಇತ್ತು. ಲ್ಯಾಪ್‌ಟಾಪ್ ಮಾತ್ರ ಇದ್ದೂ ಇರಲಿಲ್ಲ. ಮೈಸೂರಿನಿಂದ ಅತ್ತೆ ವಿಜಯಾ ಬಂದಂದಿನಿಂದ ಅದು ಅವರ ತೊಡೆಯಿಂದ ಇಳಿದೇ ಇಲ್ಲ. ಬೆಳಗ್ಗೆ ಧಾರಾವಾಹಿ, ಆಮೇಲೆ ತಂಗಿಯ ಜೊತೆ ವಿಡಿಯೊ ಕಾಲ್. ಕೊಡಿ ಎಂದು ಅತ್ತೆಯನ್ನು ಕೇಳುವ ಎದೆಗಾರಿಕೆ ಅವನಿಗೆಲ್ಲಿ ಬರಬೇಕು? ಆದರೆ ಇವತ್ತು ಹನ್ನೊಂದಕ್ಕೆ ಮೆಲ್ಬರ್ನಿನ ಮ್ಯಾನೇಜರ್ ಮಹತಿಗೆ ಡೆಮೊ ತೋರಿಸಬೇಕು. ಅವನ ಕೆಲಸದ ಕಾಂಟ್ರ್ಯಾಕ್ಟ್ ಮುಂದುವರಿಯುವುದು ಅದರ ಮೇಲೇ ನಿಂತಿತ್ತು.

ಅತ್ತೆ ಸ್ನಾನಕ್ಕೆ ಹೋದದ್ದೇ ತಡ, ಅವನು ಅದಕ್ಕೆ ಪರದೆಯನ್ನು ಪಾಲು ಮಾಡುವ ‘ಟೈಲಿಂಗ್ ವಿಂಡೋ ಮ್ಯಾನೇಜರ್’ ಎಂಬ ತಂತ್ರಾಂಶ ಹಾಕಿಬಿಟ್ಟ. ಐಕಾನಿಲ್ಲ, ಮೌಸ್ ಬೇಕಿಲ್ಲ, ಎಲ್ಲಾ ಕೀಬೋರ್ಡಿನಲ್ಲೇ. ಎರಡನೇ ವಿಂಡೋ ತೆರೆದರೆ ಪರದೆ ತಾನಾಗಿ ಎರಡು ಪಾಲಾಗುತ್ತದೆ. ಇನ್ನೊಂದು ಕೀ ಒತ್ತಿದರೆ ಎಲ್ಲವೂ ಒಂದರ ಹಿಂದೊಂದು ಟ್ಯಾಬುಗಳಾಗಿ ನಿಲ್ಲುತ್ತವೆ. ‘ಐದೇ ನಿಮಿಷಕ್ಕೆ ಅತ್ತೆ ಕೈಮುಗಿದು ವಾಪಸ್ ಕೊಡ್ತಾರೆ’ ಎಂದು ಹಿಗ್ಗುತ್ತ ಮಗಳನ್ನು ಸ್ಕೂಲಿಗೆ ಬಿಡಲು ಹೊರಟ.

ವಾಪಸ್ ಬಂದಾಗ ಪಕ್ಕದ ಮನೆಯ ಇಂದ್ರೇಶ್ ಸೋಫಾದಲ್ಲಿ ಕೂತು ಕಾಫಿ ಹೀರುತ್ತಿದ್ದ.

“ಆಂಟಿ ಪರದಾಡ್ತಿದ್ರು ಗುರು. ಎರಡು ಕೀ ಹೇಳ್ಕೊಟ್ಟೆ ಅಷ್ಟೆ. ಮಿಕ್ಕಿದ್ದೆಲ್ಲ ಅವರೇ ಕಂಡ್ಕೊಂಡ್ರಪ್ಪ!”

ಪರದೆ ನೋಡಿ ಗುರುದತ್ತ ಬಾಯಿ ಬಿಟ್ಟುಕೊಂಡು ನಿಂತ. ಎಡಕ್ಕೆ ಧಾರಾವಾಹಿ, ಬಲಕ್ಕೆ ತಂಗಿಯ ಮುಖ, ಅದರ ಕೆಳಗೆ ತರಕಾರಿ ಅಂಗಡಿಯ ರಿಯಾಯಿತಿ ಪಟ್ಟಿ. ಎಳ್ಳಷ್ಟು ಜಾಗ ಹಾಳಾಗಿರಲಿಲ್ಲ.

“ಇದೇನು ಮಹಾ ಅಳಿಯಂದ್ರೇ? ಎಲೆ ಬಡಿಸಿದ ಹಾಗೇ ತಾನೆ!” ಎಂದರು ಅತ್ತೆ. “ಪಲ್ಯಕ್ಕೆ ಪಲ್ಯದ ಜಾಗ, ಕೋಸಂಬರಿಗೆ ಕೋಸಂಬರೀದು. ಜಾಗ ಸಾಲದಿದ್ರೆ ಹೋಳಿಗೆ ಥರ ಪೇರಿಸಿಡೋದು, ಅಂಚು ಕಂಡ್ರೆ ಸಾಕು.”

ಭೇಷ್! ಕೈಮುಗಿಯಬೇಕೆನಿಸಿದ್ದು ಗುರುದತ್ತನಿಗೇ.

ಹನ್ನೊಂದಕ್ಕೆ ಬೇಡಿಕೊಂಡು ಲ್ಯಾಪ್‌ಟಾಪ್ ಪಡೆದ. ತಾನೇ ಹಾಕಿದ್ದರ ಕೀಗಳು ತನಗೇ ನೆನಪಿಲ್ಲ. ಒಂದು ಒತ್ತಿದ, ಡೆಮೊ ಜಡೆಯ ರಿಬ್ಬನ್ನಿನಷ್ಟು ಸಣ್ಣಗಾಯಿತು. ಇನ್ನೊಂದು ಒತ್ತಿದ, ಮಾಯವೇ ಆಯಿತು.

“ಗುರುದತ್ತ, ಏನೂ ಕಾಣ್ತಿಲ್ಲ” ಎಂದಳು ವಿಡಿಯೊ ಕಾಲಿನಲ್ಲಿದ್ದ ಮಹತಿ. ಅವನು ಸಿಕ್ಕಸಿಕ್ಕ ಕೀಗಳನ್ನೆಲ್ಲ ಒತ್ತತೊಡಗಿದ.

“ಸ್ವಲ್ಪ ಸರ್ಕೊಳ್ಳಿ” ಎಂದು ಅತ್ತೆ ಬಗ್ಗಿ ಟಕಟಕ ಒತ್ತಿದರು. ಡೆಮೊ ಎಡಕ್ಕೆ, ಕೋಡ್ ಬಲಕ್ಕೆ, ಮಿಕ್ಕಿದ್ದೆಲ್ಲ ಟ್ಯಾಬಿಗೆ.

“ಅಬ್ಬಾ, ಆಂಟಿ, ಸೂಪರ್!” ಮಹತಿ ಚಪ್ಪಾಳೆ ತಟ್ಟಿದಳು. “ಗುರುದತ್ತ, ಕಾಂಟ್ರ್ಯಾಕ್ಟ್ ರಿನ್ಯೂ ಆಯ್ತು ಅನ್ಕೊಳ್ಳಿ. ಆದ್ರೆ ನಾಳೆಯಿಂದ ದಿನಾ ಆಂಟಿ ನಮ್ಮ ಟೀಮಿಗೆ ಇದನ್ನ ಹೇಳ್ಕೊಡ್ಬೇಕು.”

“ಅದಕ್ಕೇನಂತೆ!” ಎಂದ ಅತ್ತೆ ಲ್ಯಾಪ್‌ಟಾಪನ್ನು ಮತ್ತೆ ತೊಡೆಗೆ ಎಳೆದುಕೊಂಡರು.

“ಅತ್ತೆ, ಮತ್ತೆ ನನ್ನ ಕೆಲಸ?”

“ಯೋಚ್ನೆ ಮಾಡ್ಬೇಡಿ ಅಳಿಯಂದ್ರೇ. ಎಲೆ ತುದೀಲಿ ಉಪ್ಪಿನ ಜಾಗ ಖಾಲಿ ಇದೆ. ನಿಮ್ಮ ಆಫೀಸನ್ನ ಅಲ್ಲಿ ಬಡಿಸ್ತೀನಿ.”